ಬೆಂಕಿ ಆರಿಸುವ ಹಳೆ ವಿಡಿಯೋ ಗೇಮುಗಳು: ರಜೆಯಲ್ಲಿ ಮಕ್ಕಳ ಕೈಗೆ ಯಾವುದನ್ನು ಕೊಡೋಣ?

ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಇನ್ನೂ ಎಂಟು ತುಂಬಿಲ್ಲವಾದರೆ ನಿಂಟೆಂಡೊದ 1980ರ ‘ಫೈರ್’ ಸಾಕು. ಹತ್ತು ದಾಟಿದೆ, ಇಂಗ್ಲಿಷ್ ಓದಲು ಬರುತ್ತದೆ ಎಂದಾದರೆ ‘ದಿ ಇಗ್ನಿಷನ್ ಫ್ಯಾಕ್ಟರ್’. ‘ದಿ ಫೈರ್‌ಮೆನ್’ ನೋಡಲು ಎಲ್ಲಕ್ಕಿಂತ ಚೆಂದ, ಆದರೂ ನಾನು ಅದನ್ನು ಒಂದು ಮೆಟ್ಟಿಲು ಕೆಳಗೇ ಇಡುತ್ತೇನೆ. ‘ಬರ್ನಿಂಗ್ ರೇಂಜರ್ಸ್’ ಬೇಕಾದರೆ ನೀವು ಆಡಿ, ಮಕ್ಕಳಿಗೆ ಬೇಡ. ಅವಸರ ಇದ್ದವರು ಇಷ್ಟು ಓದಿ ಎದ್ದು ಹೋಗಬಹುದು.

ಉಳಿದವರಿಗೆ ಕಾರಣ ಹೇಳುತ್ತೇನೆ. ನಮ್ಮ ಕಾಸರಗೋಡಿನಲ್ಲಿ ಏಪ್ರಿಲ್, ಮೇ ಎಂದರೆ ಶಾಲೆಗೆ ರಜೆ. ಮಧ್ಯಾಹ್ನ ಅಂಗಳಕ್ಕೆ ಕಾಲಿಡುವ ಹಾಗಿಲ್ಲ, ಅಷ್ಟು ಬಿಸಿಲು. ಮಕ್ಕಳು ಒಳಗೆ ಕೂತು ಫೋನು ಉಜ್ಜುತ್ತಾರೆ. ಟಿವಿ ಗೇಮು, ಕ್ಯಾಸೆಟ್ಟು ಎಂದು ಬೆಳೆದ ನಮ್ಮಂಥವರಿಗೆ ಆಗ ಒಂದು ಯೋಚನೆ ಬರುತ್ತದೆ. ಇವರಿಗೆ ನಮ್ಮ ಕಾಲದ ಆಟ ಯಾಕೆ ಕೊಡಬಾರದು? ಅದರಲ್ಲೂ ಗುಂಡು ಹೊಡೆಯುವುದು, ತಲೆ ಕಡಿಯುವುದು ಇಲ್ಲದ್ದು? ಹಾಗೆ ಹುಡುಕುತ್ತಾ ಹೋದರೆ ಫಯರ್ ಫೋರ್ಸಿನ ಆಟಗಳು ಸಿಗುತ್ತವೆ. ಬಹಳ ಇಲ್ಲ. ಇರುವಷ್ಟರಲ್ಲೂ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಎನ್ನುವಷ್ಟು ಬೇರೆ ಬೇರೆ.

ಚಿತ್ರ ಹೇಗಿದೆ, ಎಷ್ಟು ಹಳತು ಎಂದು ನೋಡಿ ಆರಿಸಬೇಡಿ. ಆಟದಲ್ಲಿ ಮಗುವಿನ ಕೈ ಏನು ಕೆಲಸ ಮಾಡುತ್ತದೆ, ಅದನ್ನು ನೋಡಿ. ಒಂದರಲ್ಲಿ ಬೀಳುವವರನ್ನು ಹಿಡಿಯುತ್ತದೆ. ಇನ್ನೊಂದರಲ್ಲಿ ನೀರು ಹೊಡೆಯುತ್ತದೆ. ಮತ್ತೊಂದರಲ್ಲಿ ಯಾವ ಸಾಮಾನು ಹೊರುವುದು, ಯಾವುದನ್ನು ಬಿಟ್ಟು ಹೋಗುವುದು ಎಂದು ತೀರ್ಮಾನ ಮಾಡುತ್ತದೆ. ಮಗುವಿಗೆ ಯಾವುದು ಹೊಂದುತ್ತದೆ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಎರಡೇ ಗುಂಡಿಯ ‘ಫೈರ್’

ನಿಂಟೆಂಡೊ ಕಂಪನಿ 1980ರಲ್ಲಿ ‘ಗೇಮ್ ಆ್ಯಂಡ್ ವಾಚ್’ ಎಂಬ ಕೈಯಲ್ಲಿ ಹಿಡಿಯುವ ಆಟಗಳನ್ನು ತಂದಿತು. ಅದರ ಹಿಂದೆ ಇದ್ದವರು ಗುನ್‌ಪೇ ಯೊಕೋಯಿ. ಕ್ಯಾಲ್ಕುಲೇಟರಿನಲ್ಲಿ ಬಳಸುತ್ತಿದ್ದ ಅಗ್ಗದ ಎಲ್‌ಸಿಡಿ ಪರದೆಯನ್ನೇ ಆಟಕ್ಕೆ ತಿರುಗಿಸಿದ ಮನುಷ್ಯ. ಆಡದೆ ಇಟ್ಟಾಗ ಗಡಿಯಾರ ತೋರಿಸುತ್ತದೆ, ಅದಕ್ಕೇ ಆ ಹೆಸರು. ಮೊದಲ ವರ್ಷದ ಆಟಗಳಲ್ಲೇ ಒಂದು ‘ಫೈರ್’. ಮಾರನೇ ವರ್ಷ, 1981ರಲ್ಲಿ, ಸ್ವಲ್ಪ ಅಗಲ ಪರದೆಯ ಇನ್ನೊಂದು ‘ಫೈರ್’ ಬಂತು.

ಆಟ ಇಷ್ಟೇ. ಎಡಗಡೆ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದಿದೆ. ಮೇಲಿನಿಂದ ಜನ ಒಬ್ಬೊಬ್ಬರಾಗಿ ಹಾರುತ್ತಾರೆ. ಕೆಳಗೆ ಇಬ್ಬರು ಫಯರ್‌ಮನ್‌ಗಳು ಬಲೆಯಂಥದ್ದನ್ನು ಹಿಡಿದು ನಿಂತಿದ್ದಾರೆ. ಬಿದ್ದವರು ಪುಟಿದು ಮುಂದೆ ಬೀಳುತ್ತಾರೆ, ಮತ್ತೆ ಪುಟಿಯುತ್ತಾರೆ, ಮೂರನೇ ಪುಟಿತಕ್ಕೆ ಬಲಗಡೆಯ ಆ್ಯಂಬುಲೆನ್ಸಿನೊಳಗೆ. ಎಡಕ್ಕೆ ಹೋಗಲು ಒಂದು ಗುಂಡಿ, ಬಲಕ್ಕೆ ಒಂದು ಗುಂಡಿ. ಮೂರು ಜನ ನೆಲಕ್ಕೆ ಬಿದ್ದರೆ ಆಟ ಮುಗಿಯಿತು.

ಕೇಳಲು ಏನೂ ಇಲ್ಲ ಅನಿಸುತ್ತದೆ, ಅಲ್ವಾ? ಆಡಿ ನೋಡಿ. ಮೊದಲು ಗಾಳಿಯಲ್ಲಿ ಒಬ್ಬನೇ ಇರುತ್ತಾನೆ, ಆರಾಮ. ಆಮೇಲೆ ಇಬ್ಬರು. ಒಬ್ಬ ಎಡಗಡೆ ಇಳಿಯುತ್ತಿದ್ದಾನೆ, ಇನ್ನೊಬ್ಬ ಬಲಗಡೆ ಇಳಿಯುತ್ತಿದ್ದಾನೆ. ಯಾರು ಮೊದಲು ತಲುಪುತ್ತಾರೆ? ಈ ಎಲ್‌ಸಿಡಿಯಲ್ಲಿ ಆಕೃತಿಗಳು ಜಾರುವುದಿಲ್ಲ, ಒಂದೊಂದು ಹೆಜ್ಜೆಗೆ ಟಿಕ್ ಎಂದು ಜಿಗಿಯುತ್ತವೆ. ಆ ಟಿಕ್ ಟಿಕ್ ಕಿವಿಗೆ ಹತ್ತಿದ ಮೇಲೆ ಮಕ್ಕಳು ಕಣ್ಣಿಗಿಂತ ಕಿವಿಯಲ್ಲೇ ಜಾಸ್ತಿ ಆಡುತ್ತಾರೆ.

ಇದು ಒಬ್ಬರೇ ಆಡುವ ಆಟ. ಆದರೆ ನನ್ನ ಅಕ್ಕನ ಮಕ್ಕಳು ಅದನ್ನು ಇಬ್ಬರ ಆಟ ಮಾಡಿಬಿಟ್ಟರು. ಎಡದ ಗುಂಡಿ ತಮ್ಮನಿಗೆ, ಬಲದ ಗುಂಡಿ ಅಕ್ಕನಿಗೆ. ಇಬ್ಬರ ಹೆಬ್ಬೆರಳು, ಒಂದೇ ಪೆಟ್ಟಿಗೆ. “ಏ, ನಿನ್ನ ಕಡೆ ಬಂತು ಮಾರಾಯ, ಒತ್ತು!” “ನೀನು ಬಿಡು ಮೊದಲು!” ಬಲೆ ಹಿಡಿದವರು ಇಬ್ಬರು, ಆಡುವವರೂ ಇಬ್ಬರು. ಜಗಳ ಖಂಡಿತ ಆಗುತ್ತದೆ, ಹೇಳಿ ಪ್ರಯೋಜನ ಇಲ್ಲ. ಆದರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಚಿಕ್ಕವರಿಗೆ ಇದೇ ಇರಲಿ ಎನ್ನಲು ಮುಖ್ಯ ಕಾರಣ ಭಾಷೆ. ಮನೆಯಲ್ಲಿ ತುಳು ಇಲ್ಲವೇ ಹವ್ಯಕ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್. ಇಷ್ಟು ಸಾಕು ಮಗುವಿಗೆ. ‘ಫೈರ್’ ಆಡಲು ಯಾವ ಭಾಷೆಯೂ ಬೇಡ. ಅಜ್ಜಿಯೂ ಆಡಬಹುದು. ಇನ್ನೊಂದು, ಇಲ್ಲಿ ಬೆಂಕಿಯ ಜೊತೆ ಯುದ್ಧ ಇಲ್ಲ. ಬೆಂಕಿ ಉರಿಯುತ್ತಲೇ ಇರುತ್ತದೆ. ನಿಮ್ಮ ಗಮನ ಪೂರ್ತಿ ಮನುಷ್ಯರ ಮೇಲೆ.

ತೊಂದರೆಗಳೂ ಇವೆ. ಪರದೆಯ ಹಿಂದೆ ಲೈಟ್ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದಾಗ ಬ್ಯಾಟರಿ ಆಟ ಅಂತ ಖುಷಿಪಟ್ಟರೆ, ಕತ್ತಲಲ್ಲಿ ಏನೂ ಕಾಣುವುದಿಲ್ಲ. ಕಿಟಕಿ ಪಕ್ಕ ಕೂರಬೇಕು. ನಲವತ್ತು ವರ್ಷ ದಾಟಿದ ಸಾಮಾನು ಬೇರೆ. ಒಳಗೆ ಬ್ಯಾಟರಿ ಸೋರಿ ತುಕ್ಕು ಹಿಡಿದಿರಬಹುದು, ಪರದೆಯಲ್ಲಿ ಕಪ್ಪು ಮಚ್ಚೆ ಬಂದಿರಬಹುದು. ಕೊಳ್ಳುವ ಮೊದಲು ಬ್ಯಾಟರಿ ಮುಚ್ಚಳ ತೆಗೆದು ತೋರಿಸಿ ಎನ್ನಿ. ಇದಕ್ಕೆ ಹಾಕುವುದು ಗುಂಡಿಯಂಥ ಚಿಕ್ಕ ಬ್ಯಾಟರಿ. ಮಗು ಅದನ್ನು ನುಂಗಿದರೆ ಅನ್ನನಾಳವನ್ನೇ ಸುಟ್ಟುಬಿಡುತ್ತದೆ, ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಮುಚ್ಚಳ ಸಡಿಲ ಇದ್ದರೆ ಟೇಪ್ ಸುತ್ತಿಬಿಡಿ. ಚಿಕ್ಕ ತಮ್ಮ ತಂಗಿಯರು ಇರುವ ಮನೆಯಲ್ಲಂತೂ ಬಿಡಲೇಬೇಡಿ.

ಹಳೆ ಪೆಟ್ಟಿಗೆಯ ರಗಳೆ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. 1997ರಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಬಂದ ‘ಗೇಮ್ ಆ್ಯಂಡ್ ವಾಚ್ ಗ್ಯಾಲರಿ’ಯಲ್ಲಿ ಇದೇ ಆಟ ಇದೆ. ಹಳೆ ರೂಪದಲ್ಲೂ ಇದೆ, ಮಾರಿಯೋ ಮತ್ತು ಲುಯಿಜಿ ಬಲೆ ಹಿಡಿದಿರುವ ಹೊಸ ರೂಪದಲ್ಲೂ ಇದೆ. 2002ರ ನಾಲ್ಕನೇ ಗ್ಯಾಲರಿಯಲ್ಲೂ ಉಂಟು. ಉಳಿದ ಗ್ಯಾಲರಿಗಳಾದರೆ ಕೊಳ್ಳುವ ಮೊದಲು ಇದೆಯೇ ಎಂದು ನೋಡಿಕೊಳ್ಳಿ. ಹಾಗೆಯೇ 2020ರಲ್ಲಿ ಮಾರಿಯೋ ಹೆಸರಲ್ಲಿ, 2021ರಲ್ಲಿ ಜೆಲ್ಡಾ ಹೆಸರಲ್ಲಿ ನಿಂಟೆಂಡೊ ಹೊಸದಾಗಿ ‘ಗೇಮ್ ಆ್ಯಂಡ್ ವಾಚ್’ ಪೆಟ್ಟಿಗೆ ಮಾರಿತು. ನೋಡಲು ಹಳೆಯದರ ಹಾಗೇ. ಆದರೆ ಎರಡರಲ್ಲೂ ‘ಫೈರ್’ ಇಲ್ಲ.

ನೀರು ಹೊಡೆಯುವ ‘ದಿ ಫೈರ್‌ಮೆನ್’

1994ರಲ್ಲಿ ಜಪಾನಿನ ಹ್ಯೂಮನ್ ಎಂಟರ್‌ಟೇನ್‌ಮೆಂಟ್ ಕಂಪನಿ ಸೂಪರ್ ನಿಂಟೆಂಡೊ ಎಂಬ, ಟಿವಿಗೆ ಜೋಡಿಸಿ ಆಡುವ ಯಂತ್ರಕ್ಕೆ ಮಾಡಿದ ಆಟ ಇದು. ಆಮೇಲೆ ಯುರೋಪಿಗೂ ಬಂತು, ಅಮೆರಿಕಕ್ಕೆ ಹೋಗಲಿಲ್ಲ. ಕಥೆ ನಡೆಯುವುದು 2010ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಆಗ ಅದು ದೂರದ ಭವಿಷ್ಯ! ಒಂದು ರಾಸಾಯನಿಕ ಕಂಪನಿಯ ದೊಡ್ಡ ಕಟ್ಟಡಕ್ಕೆ ಬೆಂಕಿ ಹಿಡಿದಿದೆ. ನೀವು ಪೀಟ್, ನಿಮ್ಮ ಕೈಯಲ್ಲಿ ನೀರಿನ ಪೈಪು. ಜೊತೆಗಾರ ಡ್ಯಾನಿ ಕೊಡಲಿ ಹಿಡಿದು ತಾನಾಗಿಯೇ ಬರುತ್ತಾನೆ, ಅವನನ್ನು ನೀವು ಆಡಿಸಬೇಕಿಲ್ಲ.

ನೀರು ಹೊಡೆಯುವುದರಲ್ಲಿ ಎರಡು ಬಗೆ. ಒಂದು ನೇರ ದೂರಕ್ಕೆ, ಇನ್ನೊಂದು ಹತ್ತಿರ ಕಾಲ ಬುಡಕ್ಕೆ. ನೆಲದಲ್ಲಿ ಹರಿದಾಡುವ ಬೆಂಕಿಗೆ ದೂರದ ನೀರು ತಾಗುವುದಿಲ್ಲ. ತೀರಾ ಕಷ್ಟ ಆದರೆ ಸುತ್ತಲಿನ ಬೆಂಕಿಯನ್ನು ಒಮ್ಮೆಲೇ ಆರಿಸುವ ಬಾಂಬು ಇದೆ, ಆದರೆ ಲೆಕ್ಕದ್ದು. ಸುಮ್ನೆ ಖಾಲಿ ಮಾಡಿದರೆ ಮುಂದೆ ಬೇಕಾದಾಗ ಇರುವುದಿಲ್ಲ.

ಆಟ ಜೋರಾಗಿದೆ, ಚಿತ್ರ ಈಗಲೂ ಸೊಗಸು. ಬೆಂಕಿ ಗೋಡೆಯ ಗುಂಟ ಓಡುತ್ತದೆ, ಬಾಗಿಲ ಹಿಂದಿನಿಂದ ಹಾರುತ್ತದೆ. ಹಾಗಿದ್ದೂ ಎರಡನೇ ಸ್ಥಾನ ಯಾಕೆ? ಅದರ ಬುಡದಲ್ಲಿರುವುದು ಗುಂಡು ಹೊಡೆಯುವ ಆಟವೇ. ಬಂದೂಕಿನ ಜಾಗಕ್ಕೆ ಪೈಪು ಬಂದಿದೆ, ವೈರಿಯ ಜಾಗಕ್ಕೆ ಬೆಂಕಿ ಬಂದಿದೆ. ಪ್ರತಿ ಹಂತದ ಕೊನೆಗೆ ಒಂದು ದೊಡ್ಡ ಬೆಂಕಿ, ರಾಕ್ಷಸನ ಹಾಗೆ. ದಾರಿಯಲ್ಲಿ ಸಿಕ್ಕಿದವರನ್ನು ಉಳಿಸಬಹುದು. ಆದರೆ ಮಕ್ಕಳು ಅದನ್ನು ನೆನಪಿಡುವುದಿಲ್ಲ. “ಎಷ್ಟು ಜನರನ್ನು ಉಳಿಸಿದೆ?” ಎಂದು ಕೇಳಿ ನೋಡಿ, “ದೊಡ್ಡ ಬೆಂಕಿಯನ್ನು ಹೊಡೆದು ಹಾಕಿದೆ” ಎಂದೇ ಉತ್ತರ ಬರುತ್ತದೆ.

ರೇಡಿಯೋದಲ್ಲಿ ಜೊತೆಗಾರರು ಮಾತಾಡುತ್ತಲೇ ಇರುತ್ತಾರೆ, ಅದನ್ನು ಓದಬೇಕು. ಓದದಿದ್ದರೂ ಆಡಬಹುದು, ಅದೇ ಇದರ ಅನುಕೂಲ. ಎಂಟು ಒಂಬತ್ತರ, ಸ್ವಲ್ಪ ಚುರುಕು ಕೈಯ ಮಕ್ಕಳಿಗೆ ಇದು ಸರಿ. ಅವರಿಗೆ ‘ಫೈರ್’ ಕೊಟ್ಟರೆ ಬೇಗ ಬೋರ್ ಆಗಬಹುದು.

ತೂಕ ನೋಡಿ ಹೊರುವ ‘ದಿ ಇಗ್ನಿಷನ್ ಫ್ಯಾಕ್ಟರ್’

ಇದೂ 1994ರದ್ದೇ, ಇದೂ ಸೂಪರ್ ನಿಂಟೆಂಡೊದ್ದೇ. ಮಾಡಿದ್ದು ಜಲೆಕೊ. ಚಿತ್ರ ನೋಡಿದರೆ ಫೈರ್‌ಮೆನ್‌ನಷ್ಟು ಚೆಂದ ಇಲ್ಲ. ನಡಿಗೆ ನಿಧಾನ. ಮೊದಲ ಅರ್ಧ ಗಂಟೆ ಮಕ್ಕಳು ಮುಖ ಸಿಂಡರಿಸುತ್ತಾರೆ, ತಾಳ್ಮೆ ಇರಲಿ.

ಇದರ ಜೀವ ಇರುವುದು ಒಳಗೆ ಹೋಗುವ ಮೊದಲು. ಯಾವ ಸಾಮಾನು ಹೊರಬೇಕು ಎಂದು ನೀವೇ ಆರಿಸಬೇಕು. ಕೊಡಲಿ, ಹಗ್ಗ, ಆಮ್ಲಜನಕ, ಬೆಂಕಿ ಆರಿಸುವ ಸಿಲಿಂಡರು. ಎಲ್ಲವನ್ನೂ ಹೊತ್ತುಕೊಂಡರೆ ಭಾರಕ್ಕೆ ನಡಿಗೆ ಇನ್ನೂ ನಿಧಾನ. ಕಡಿಮೆ ಹೊತ್ತರೆ ಅರ್ಧ ದಾರಿಯಲ್ಲಿ ಕೈಕಟ್ಟಿ ನಿಲ್ಲಬೇಕು, ಹೊರಗೆ ಬಂದು ಬದಲಿಸಿಕೊಂಡು ಮತ್ತೆ ಹೋಗಬೇಕು. ಅಷ್ಟು ಹೊತ್ತಿಗೆ ಸಮಯ ಓಡಿರುತ್ತದೆ, ಒಳಗೆ ಜನ ಕಾಯುತ್ತಿರುತ್ತಾರೆ.

ಮತ್ತೆ, ಒಂದೇ ಸಿಲಿಂಡರು ಎಲ್ಲ ಬೆಂಕಿಗೂ ಆಗುವುದಿಲ್ಲ. ಕರೆಂಟಿನ ಬೆಂಕಿಗೆ ಬೇರೆ, ರಾಸಾಯನಿಕದ ಬೆಂಕಿಗೆ ಬೇರೆ. ನನಗೆ ಈ ಆಟ ಹಿಡಿಸಿದ್ದೇ ಇದಕ್ಕೆ. ಯಾಕೆಂದರೆ ಇದು ನಮ್ಮ ಅಡುಗೆಮನೆಗೆ ನೇರ ಸಂಬಂಧಪಟ್ಟ ವಿಷಯ. ಇದೇ ರಜೆಯಲ್ಲಿ ನಮ್ಮ ಮನೆಗಳಲ್ಲಿ ಹಲಸಿನ ಸೋಂಟೆ ಕರಿಯುವ ಕೆಲಸ. ದೊಡ್ಡ ಬಾಣಲೆ, ತುಂಬ ತೆಂಗಿನೆಣ್ಣೆ, ಸುತ್ತ ಮಕ್ಕಳು. ಎಣ್ಣೆ ಅತಿ ಕಾದು ಬೆಂಕಿ ಹಿಡಿದರೆ ಯಾರಿಗಾದರೂ ಮೊದಲು ಕೈ ಹೋಗುವುದು ನೀರಿನ ಚೆಂಬಿಗೆ. ಅದೇ ದೊಡ್ಡ ಅಪಾಯ. ನೀರು ಎಣ್ಣೆಯ ಅಡಿಗೆ ಇಳಿದು, ಆ ಬಿಸಿಗೆ ಒಮ್ಮೆಲೇ ಆವಿಯಾಗಿ, ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಎರಚುತ್ತದೆ. ಬೆಂಕಿ ಮಾಡಿಗೆ ಏರುತ್ತದೆ. ಮಾಡಬೇಕಾದ್ದು ಗ್ಯಾಸ್ ಬಂದ್ ಮಾಡಿ, ಬಾಣಲೆಗೆ ಪೂರ್ತಿ ಮುಚ್ಚುವ ತಟ್ಟೆಯನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣಿಯುವವರೆಗೆ ಮುಟ್ಟದೆ ಬಿಡುವುದು. ಸೌದೆ ಒಲೆಯಾದರೆ ಮುಚ್ಚಿದ ಮೇಲೆ ಕೊಳ್ಳಿ ಹಿಂದಕ್ಕೆ ಎಳೆಯಬೇಕು. ಮುಚ್ಚಿ ಆರಿಸಲು ಆಗದಷ್ಟು ಜೋರಾದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬರಬೇಕು, ಅಷ್ಟೇ. ಬಾಣಲೆಯನ್ನು ಎತ್ತಿ ಹೊರಗೆ ಒಯ್ಯಲು ಹೋಗಲೇಬಾರದು.

ಇದನ್ನು ಬರಿದೇ ಹೇಳಿದರೆ ಮಕ್ಕಳು ಹೂಂ ಎಂದು ಓಡುತ್ತಾರೆ. ಆಟದಲ್ಲಿ ತಪ್ಪು ಸಿಲಿಂಡರು ಹಿಡಿದು ಒಮ್ಮೆ ಸೋತ ಮೇಲೆ ಹೇಳಿದರೆ ಕಿವಿಗೆ ಬೀಳುತ್ತದೆ. ನಾನು ಕಂಡ ಹಾಗೆ.

ಇಂಗ್ಲಿಷ್ ಮಾತ್ರ ಬೇಕೇ ಬೇಕು. ಜೊತೆಗಾರರು ಹೇಳುವುದನ್ನು ಓದದಿದ್ದರೆ ಎಲ್ಲಿ ಹೋಗಬೇಕು ಎಂದೇ ತಿಳಿಯುವುದಿಲ್ಲ. ಪಕ್ಕದಲ್ಲಿ ದೊಡ್ಡವರೊಬ್ಬರು ಕೂತು ಓದಿ ಹೇಳಿದರೆ ಒಂಬತ್ತರ ಮಗುವೂ ಆಡುತ್ತದೆ. ಒಬ್ಬರು ಸಾಮಾನು ಆರಿಸುವುದು, ಒಬ್ಬರು ಆಡುವುದು ಎಂದು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಉಳಿದವು

‘ಬರ್ನಿಂಗ್ ರೇಂಜರ್ಸ್’ 1998ರದ್ದು, ಸೆಗಾ ಕಂಪನಿಯ ಸ್ಯಾಟರ್ನ್ ಯಂತ್ರಕ್ಕೆ. ಸೋನಿಕ್ ಆಟ ಮಾಡಿದ ತಂಡದ್ದೇ. ಭವಿಷ್ಯದ ಫಯರ್ ಫೋರ್ಸ್, ಹಾರುವ ಉಡುಪು, ತ್ರೀಡಿ. ಒಂದು ಚೆಂದದ ಯೋಚನೆ ಇದೆ ಇದರಲ್ಲಿ. ನೀವು ಉಳಿಸಿದವರು ಆಮೇಲೆ ನಿಮಗೆ ಈಮೇಲ್ ಬರೆಯುತ್ತಾರೆ. ಕಾಪಾಡಿದವನಿಗೆ ಕಾಗದ ಬರುವ ಆಟ ಬೇರೆ ಎಲ್ಲಿದೆ ಹೇಳಿ? ಆದರೆ ಕ್ಯಾಮೆರಾ ಗಿರ್ರನೆ ತಿರುಗಿ ತಲೆಸುತ್ತು ಬರುತ್ತದೆ, ದಾರಿ ಹೇಳುವುದು ಧ್ವನಿಯಲ್ಲಿ. ಸ್ಯಾಟರ್ನ್ ಮುಗಿಯುವ ಕಾಲಕ್ಕೆ ಬಂದದ್ದರಿಂದ ಅಸಲಿ ಡಿಸ್ಕಿಗೆ ಬೆಲೆ ವಿಪರೀತ. ಮಗುವಿನ ಹೆಸರು ಹೇಳಿ ನಿಮಗೆ ಕೊಳ್ಳುವುದಾದರೆ ಅದು ನಿಮ್ಮ ಮನೆಯ ವಿಷಯ.

ಅಟಾರಿ 2600 ಎಂಬ ಇನ್ನೂ ಹಳೆ ಯಂತ್ರಕ್ಕೆ 1982ರಲ್ಲಿ ಇಮ್ಯಾಜಿಕ್ ಕಂಪನಿಯ ‘ಫೈರ್ ಫೈಟರ್’ ಬಂದಿತ್ತು. ಏಣಿ, ನೀರು, ಒಂದು ಕಟ್ಟಡ. ಹತ್ತು ನಿಮಿಷದ ಮಟ್ಟಿಗೆ ಸರಿ. ಫಿಶರ್-ಪ್ರೈಸ್ ಕಂಪನಿಯ ‘ರೆಸ್ಕ್ಯೂ ಹೀರೋಸ್’ ಗೊಂಬೆಗಳ ಹೆಸರಲ್ಲಿ ಗೇಮ್ ಬಾಯ್ ಕಲರ್‌ಗೆ ‘ಫೈರ್ ಫ್ರೆಂಜಿ’ ಎಂಬ ಆಟವೂ ಇದೆ. ಬಿಲ್ಲಿ ಬ್ಲೇಜಸ್ ಎಂಬ ಗೊಂಬೆ ಮನೆಯಲ್ಲಿದ್ದು, ಮಗುವಿಗೆ ಅದರ ಮೇಲೆ ಪ್ರೀತಿ ಇದ್ದರೆ ಯೋಚಿಸಬಹುದು. ಇಲ್ಲದಿದ್ದರೆ ಬೇಡ.

ಆಟ ಹೇಳದ ಕೆಲವು ಮಾತು

ಯಾವ ಆಟ ಕೊಟ್ಟರೂ ಇದನ್ನು ಜೊತೆಗೆ ಹೇಳಿ. ‘ಫೈರ್’ನಲ್ಲಿ ಜನ ಮಾಳಿಗೆಯಿಂದ ಹಾರಿ, ಪುಟಿದು, ನಗುನಗುತ್ತಾ ಆ್ಯಂಬುಲೆನ್ಸಿಗೆ ಹೋಗುತ್ತಾರೆ. ನಿಜದಲ್ಲಿ ಮೇಲಿನಿಂದ ಹಾರುವುದು ಬೇರೆ ಯಾವ ದಾರಿಯೂ ಇಲ್ಲದಾಗಿನ ಮಾತು. ಉಳಿದ ಆಟಗಳಲ್ಲಿ ಹೀರೋ ಬೆಂಕಿಯ ಒಳಗೆ ನುಗ್ಗುತ್ತಾನೆ. ಮಕ್ಕಳು ನುಗ್ಗಬಾರದು, ಹೊರಗೆ ಬರಬೇಕು. ಬಂದ ಮೇಲೆ ಗೊಂಬೆ, ಚೀಲ, ಬೆಕ್ಕು ಎಂದು ವಾಪಸು ಹೋಗಬಾರದು. ಹೊಗೆ ಮೇಲಕ್ಕೆ ಏರುವುದರಿಂದ ನೆಲದ ಹತ್ತಿರ ಬಗ್ಗಿ ತೆವಳಬೇಕು. ಬಟ್ಟೆಗೆ ಬೆಂಕಿ ತಾಗಿದರೆ ಓಡದೆ ನೆಲದಲ್ಲಿ ಉರುಳಬೇಕು. ಫೋನ್ ನಂಬರು 101. ವಿಷುವಿನ ಪಟಾಕಿ ಹೊಡೆಯುವ ಮೊದಲು ಹೇಳಿದರೆ ಒಳ್ಳೆಯದು. ಏಪ್ರಿಲ್ 14 ದೇಶದ ಅಗ್ನಿಶಾಮಕ ಸೇವಾ ದಿನವೂ ಹೌದು. 1944ರಲ್ಲಿ ಅದೇ ದಿನ ಮುಂಬಯಿ ಬಂದರಿನಲ್ಲಿ ಹಡಗು ಸ್ಫೋಟವಾಗಿ 66 ಅಗ್ನಿಶಾಮಕರು ಸತ್ತರು, ಅವರ ನೆನಪಿಗೆ.

ನಮ್ಮ ಫಯರ್ ಫೋರ್ಸಿನ ಕೆಲಸ ಈ ಯಾವ ಆಟದಲ್ಲೂ ಪೂರ್ತಿ ಇಲ್ಲ ಎನ್ನುವುದೂ ನಿಜ. ಬೇಸಗೆಯಲ್ಲಿ ಗುಡ್ಡೆಯ ಒಣ ಮುಳಿಹುಲ್ಲಿಗೆ ಬೆಂಕಿ ಬೀಳುವುದು ಒಂದು. ಅದು ಬಿಟ್ಟರೆ ಕಾಸರಗೋಡು, ಉಪ್ಪಳ, ಕುತ್ತಿಕೋಲಿನ ಕಡೆಯಿಂದ ಅವರು ಬರುವುದು ಎಷ್ಟೋ ಸಲ ಬಾವಿಗೆ ಬಿದ್ದ ದನವನ್ನು ಎತ್ತಲು, ಮಳೆಗೆ ರಸ್ತೆಗೆ ಅಡ್ಡ ಬಿದ್ದ ಮರ ಕಡಿಯಲು. ಬಾವಿಯಿಂದ ದನ ಎತ್ತುವ ವಿಡಿಯೋ ಗೇಮನ್ನು ಯಾರಾದರೂ ಮಾಡಿದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.

ಎಲ್ಲಿಂದ ತರಿಸುವುದು

ನಿಂಟೆಂಡೊ ಸ್ವಿಚ್ ಇದ್ದವರಿಗೆ ಕೆಲಸ ಸುಲಭ. ‘ದಿ ಇಗ್ನಿಷನ್ ಫ್ಯಾಕ್ಟರ್’ ಅದರ ಆನ್‌ಲೈನ್ ಸದಸ್ಯತ್ವದ ಹಳೆ ಆಟಗಳ ಸಾಲಿಗೆ 2020ರ ಡಿಸೆಂಬರಿನಲ್ಲಿ ಸೇರಿದೆ. ಕ್ಯಾಸೆಟ್ಟೇ ಬೇಕು, ಹಳೆ ಟಿವಿಯಲ್ಲೇ ಆಡಬೇಕು ಎನ್ನುವ ಹಟ ಇದ್ದವರು ಮುಂದೆ ಓದಿ.

‘ದಿ ಫೈರ್‌ಮೆನ್’ ಕೊಳ್ಳುವುದಾದರೆ ಯುರೋಪಿನ ಪ್ರತಿಯೇ ಇರಲಿ. ಅದು ಪಾಲ್ ಎಂಬ ಟಿವಿ ಸಿಗ್ನಲ್ ಪದ್ಧತಿಯದ್ದು, ನಮ್ಮ ಹಳೆ ಟಿವಿಗಳೂ ಪಾಲ್. ಮಾತೂ ಇಂಗ್ಲಿಷಿನಲ್ಲಿರುತ್ತದೆ. ಜಪಾನಿನ ಕ್ಯಾಸೆಟ್ಟು ಅಗ್ಗಕ್ಕೆ ಸಿಗಬಹುದು, ಆದರೆ ಅದು ಎನ್‌ಟಿಎಸ್‌ಸಿ ಎಂಬ ಬೇರೆ ಪದ್ಧತಿಯದ್ದು. ಹಳೆ ಟಿವಿಯಲ್ಲಿ ಬಣ್ಣ ಹೋಗಿ ಕಪ್ಪು ಬಿಳುಪು ಕಾಣಬಹುದು, ಚಿತ್ರ ಓಡಬಹುದು. ಮೇಲಾಗಿ ಯುರೋಪಿನ ಯಂತ್ರ ಅದನ್ನು ಒಪ್ಪುವುದಿಲ್ಲ, ಒಳಗೆ ಬೀಗದ ಚಿಪ್ ಇದೆ. ಬೇರೆ ಆಟಗಳ ಅಮೆರಿಕದ ಕ್ಯಾಸೆಟ್ಟು ತಂದರೆ ಅದರ ಆಕಾರವೇ ಬೇರೆ, ಕಿಂಡಿಗೆ ಇಳಿಯುವುದೇ ಇಲ್ಲ.

ಗಲ್ಫಿನಲ್ಲಿ ನೆಂಟರಿದ್ದರೆ ಅಲ್ಲಿಯ ಸೆಕೆಂಡ್‌ಹ್ಯಾಂಡ್ ಯಂತ್ರ ವಿಚಾರಿಸಲು ಹೇಳಿ. ದುಬೈ ಕಡೆ ವೋಲ್ಟೇಜು ನಮ್ಮ ಹಾಗೆಯೇ, ಟಿವಿ ಪದ್ಧತಿಯೂ ಪಾಲ್. ಮೂರು ಚೌಕ ಕಾಲಿನ ಪಿನ್ನು ಮಾತ್ರ ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲ, ಅದಕ್ಕೆ ಮಧ್ಯೆ ಹಾಕುವ ತುಂಡು ಗಲ್ಫಿನ ಸಾಮಾನು ಇರುವ ಯಾವ ಮನೆಯಲ್ಲೂ ಸಿಕ್ಕೀತು. ಯಂತ್ರ ಅಲ್ಲಿನ ಮಾರುಕಟ್ಟೆಗೆ ಬಂದದ್ದೋ, ಯಾರೋ ಜಪಾನಿನಿಂದ ತಂದದ್ದೋ ಎಂದು ಅಡಾಪ್ಟರಿನ ಮೇಲೆ ಬರೆದದ್ದನ್ನು ಫೋಟೋ ತೆಗೆಸಿ ನೋಡಿ. 100 ವೋಲ್ಟ್ ಎಂದಿದ್ದರೆ ಜಪಾನಿನದ್ದು, 120 ಎಂದಿದ್ದರೆ ಅಮೆರಿಕದ್ದು. ಅದನ್ನು ನಮ್ಮ 230 ವೋಲ್ಟಿಗೆ ಸೀದಾ ಚುಚ್ಚಿದರೆ ಅಡಾಪ್ಟರು ಸುಟ್ಟು ಹೊಗೆ ಬರುತ್ತದೆ. ಬೆಂಕಿ ಆರಿಸುವ ಆಟಕ್ಕೆ ಫಯರ್ ಫೋರ್ಸ್ ಕರೆಯುವ ಹಾಗೆ ಆಗಬಾರದು ನೋಡಿ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅಥವಾ ರೇಡಿಯೋ ರಿಪೇರಿಯವರ ಹತ್ತಿರ ಯಂತ್ರವನ್ನೂ ಅಡಾಪ್ಟರನ್ನೂ ಒಟ್ಟಿಗೆ ತೋರಿಸಿ ಸರಿಯಾದದ್ದನ್ನು ಮಾಡಿಸಿ. ಜಪಾನಿನ ಸ್ಯಾಟರ್ನ್ ಆದರೆ ಹೊರಗೆ ಅಡಾಪ್ಟರೇ ಇರುವುದಿಲ್ಲ, ಪವರ್ ಸಪ್ಲೈ ಪೆಟ್ಟಿಗೆಯ ಒಳಗೇ ಇದೆ. ಹಾಗಾಗಿ ಅದಕ್ಕೆ ಟ್ರಾನ್ಸ್‌ಫಾರ್ಮರೇ ಬೇಕು.